ನಿಮ್ಮ ಮಗನ ಎಡಗೈ ಯಾಕ ಕಟ್ಟಿದ್ನಿ

ಸಲಗರೆ, ತಾ. ಮಿರಜ
ರವಿವಾರ, 7 ಡಿಸೆಂಬರ 2025

ಪ್ರೀತಿಯ ಅತ್ತೀ,

ನಿಮ್ಮ ಕಾಲಿಗೆ ಹಣಿ ಹಚ್ಚಿ ಸೊಸಿ ಛಾಯಾ ಬರೆಯೂದು. ಮೊಣಕಾಲ ನೋವು ಹೆಂಗೈತ್ರಿ? ಖಂಡೇರಾಜುರಿಯೊಳಗೂ ಮುಂಜಾನೆ ಥಂಡಿ ಭಾಳ ಇರಬೇಕು. ಎಣ್ಣಿ ಬಿಸಿ ಮಾಡಿ ತಿಕ್ಕಾಕ ಯೋಗಿತಾಗ ಹೇಳ್ರಿ, ನೀವ ಬಗ್ಗಿ ತಿಕ್ಕೋಬ್ಯಾಡ್ರಿ. ಬಿಪಿ ಗುಳಿಗಿ ನುಂಗೂದು ಬಿಟ್ಟಿಲ್ಲ ಹೌದಲ್ರಿ? ಈ ಮನ್ಯಾಗ ಒಬ್ಬರು ಗುಳಿಗಿ ಬಿಟ್ಟದ್ದರ ಫಲಾ ನಾವು ನೋಡೇವಿ. ಮಗಳ ಮನ್ಯಾಗ ಇದ್ದೀರಿ, ಅಲಕಾ ಅಕ್ಕಾರು ನಿಮ್ಮನ್ನ ಛಲೋ ನೋಡ್ಕೋತಾರಂತ ನನಗ ಗೊತ್ತೈತಿ. ಆದ್ರೂ ಮುಂಜಾನೆ ಚಹಾ ಸೋಸುವಾಗ ಕೈ ತಾನ ಇನ್ನೊಂದು ಕಪ್ಪು ಇಡತೈತಿ.

ಫೋನಿನ್ಯಾಗ ನನ್ನ ದನಿ ಕೇಳಿದ ಕೂಡ್ಲೇ ನೀವು ಕಟ್ ಮಾಡ್ತೀರಿ. ಮೂರು ಸಲ ಆತು. ಅದಕ್ಕ ಕಾಗದ ಬರೆಯಾಕ ಕುಂತೇನಿ. ನಿಮ್ಮ ಮೊಮ್ಮಗಳು ಯೋಗಿತಾ ಕನ್ನಡ ಶಾಲ್ಯಾಗ ಕಲತಾಳ, ಓದಿ ಹೇಳ್ತಾಳ. ಯೋಗಿತಾ, ಅಜ್ಜಿಗೆ ಸಾವಕಾಶ ಓದವಾ. ಸಿಟ್ಟಿಗೆದ್ದು ಹೊರಗ ಹೋದ್ರ ನಿಂದರು, ತಿರುಗಿ ಬಂದ ಮ್ಯಾಲ ಬಿಟ್ಟಲ್ಲಿಂದನ ಶುರು ಮಾಡು.

ಕುರಿಗೋಳು ಆರಾಮ ಅದಾವ್ರಿ. ನೀವು ಸಾಕಿದ ಬಂಡ ಕುರಿ ಎರಡು ಮರಿ ಹಾಕೇತಿ, ಎರಡೂ ಹೆಣ್ಣು. ಒಂದಕ್ಕ ಹಾಲು ಸಾಲವಲ್ದು, ಬಾಟ್ಲಿ ಹಚ್ಚೇನಿ. ನಿಮ್ಮ ಮೊಮ್ಮಗ ಗೌರವ ಸಾಂಗ್ಲಿ ಕಾಲೇಜಿನಿಂದ ಪ್ರತಿ ಶನಿವಾರ ಬಂದಾಗೂ ಬಾಗಿಲದಾಗ ಚಪ್ಪಲ ಬಿಡೂದರಾಗ "ಅಜ್ಜಿ ಬಂದಳೇನು?" ಅಂತ ಕೇಳ್ತಾನ.

ಈಗ ನಿಮ್ಮ ಮಗನ ವಿಷಯ ಬರೀತೀನ್ರಿ. ಜೂನದಾಗ ಆದದ್ದು ನಿಮ್ಮ ಕಣ್ಣ ಮುಂದನ ಆತು, ನಾ ಏನ ಹೊಸದು ಹೇಳಲಿ? ನೀವು ಕುರಿ ಕಾಲು ಹಿಡದಿದ್ರಿ, ಅವರು ಅದರ ಉಣ್ಣಿ ಕೂದಲಾ ಕತ್ತರಸತಿದ್ರು. ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಾಕ ಹೋದ್ರು, ಬೆರಳು ಕೂಡಲಿಲ್ಲ. "ಅವ್ವಾ, ಕೈ ಮಲಗೇತಿ" ಅಂದ್ರಲ್ಲಾ, ಆ ಮಾತನ್ಯಾಗನ ಬಾಯಿ ವಾರಿ ಆತು. ಲಕ್ವಾ ಅಂತ ನಾವು ಅನಕೊಳ್ಳೂದರಾಗ ಗುರುಸಿದ್ಧಪ್ಪ ಕಾಕಾ ಜೀಪ ತಂದ್ರು. ಮಿರಜ ದವಾಖಾನಿಯೊಳಗ ಹನ್ನೊಂದು ದಿನ. ಜೀವ ಉಳೀತು, ಬಾಯಿ ಸರಿ ಆತು, ಕಾಲೂ ಎರಡು ತಿಂಗಳಿನ್ಯಾಗ ಎಳಕೋತ ಎಳಕೋತ ನೆಲ ಹಿಡೀತು. ಕೈ ಒಂದು ಬರಲಿಲ್ಲ. ಬಲಗೈ ಬೇರೆದವರ ವಸ್ತು ಹೆಗಲಿಗೆ ತೂಗ ಹಾಕಿದಂಗ ಇತ್ತು.

ಆಗ ನೀವು ಮಾಡಿದ್ದು ಯಾರೂ ಮಾಡಂಗಿಲ್ಲ, ಅತ್ತೀ. ಅರವತ್ತೆಂಟು ವರ್ಷದ ಮುದುಕಿ ನಾಲ್ವತ್ನಾಲ್ಕು ವರ್ಷದ ಮಗನಿಗೆ ಮೂರು ಹೊತ್ತು ತುತ್ತು ಮಾಡಿ ಬಾಯಿಗಿಟ್ರಿ. ರೊಟ್ಟಿ ಹಾಲಿನ್ಯಾಗ ಕಿವುಚಿ, ಬಿಸಿ ಆರಸಿ, ಮೀಸಿ ಒರಿಸಿ. ನಾನೂ ಅಂಗಿ ಗುಂಡಿ ಹಾಕಿದ್ನಿ, ಜಳಕ ಮಾಡಿಸಿದ್ನಿ, ಉಳದದ್ದನ್ನ ಅವರು ಎಡಗೈಲೆ ಮಾಡಿಕೋತಿದ್ರು. ಮೂವರೂ ಕೂಡಿ ಆ ಬಲಗೈಗೆ ಒಂದ ಒಂದು ಕೆಲಸ ಬೀಳದಂಗ ನೋಡಿಕೊಂಡ್ವಿ. ಜ್ವಾಪಾನ ಮಾಡಾಕತ್ತೇವಿ ಅಂತನ ತಿಳಿದಿದ್ವಿ.

ಅಕ್ಟೋಬರದಾಗ ನೀವು ಮನ್ಯಾಗ ಉಳದ್ರಿ, ನಾವಿಬ್ಬರೂ ಬಸ್ಸಿಗೆ ಮಿರಜಕ್ಕ ಹೋಗಿದ್ವಲ್ರಿ, ಅಲ್ಲಿ ವ್ಯಾಯಾಮದ ಡಾಕ್ಟರಬಾಯಿ ಒಬ್ಬಾಕಿ ಹೊಸದಾಗಿ ಬಂದಾಳ, ಚೈತಾಲಿ ಅಂತ. ಸಾಂಗ್ಲಿಯಾಕಿ, ನಮ್ಮ ಗೌರವಗಿಂತ ಐದಾರು ವರ್ಷ ದೊಡ್ಡಾಕಿ ಇರಬೇಕು. ಮರಾಠಿಯೊಳಗ ಆಕಿ ಮೊದಲ ಕೇಳಿದ್ದು ಏನಂದ್ರ, "ಇವರು ಯಾವ ಕೈಲೆ ಉಣ್ತಾರ?" ಅವ್ವ ಉಣಸ್ತಾರ ಅಂದ್ನಿ. ಆಕಿ ಅವರ ಎಡಗೈ ತನ್ನ ಕೈಯಾಗ ಬಿಗಿ ಹಿಡಕೊಂಡು, ಮೇಜಿನ ಮ್ಯಾಲ ಒಂದು ಖಾಲಿ ಕಪ್ಪಿಟ್ಟು, "ಕಾಕಾ, ಇದನ್ನ ದೂಡ್ರಿ" ಅಂದಳು. ನಾ ಮನಸಿನ್ಯಾಗ ಈಕಿಗೆ ತಿಳೀವಲ್ದು ಅಂದ್ನಿ. ಭಾಳ ಹೊತ್ತು ಏನೂ ಆಗಲಿಲ್ಲ. ಹಣೀ ಮ್ಯಾಲ ಬೆವರು ಬಂತು, ಹೆಗಲು ಎತ್ತಿದ್ರು, ಮೈ ಎಲ್ಲಾ ವಾಲಿಸಿದ್ರು. ಆಮ್ಯಾಲ ಮಣಿಕಟ್ಟು ಜರಾ ಎದ್ದು ಕಪ್ಪು ಒಂದು ಬಟ್ಟಿನಷ್ಟು ಸರೀತ್ರಿ. ಆಕಿ ಅಂದಳು, "ಕೈ ಸತ್ತಿಲ್ಲ ಕಾಕೂ. ಅದನ್ನ ಯಾರೂ ಕೆಲಸಕ್ಕ ಕರೀವಲ್ರು."

ಔಷಧ ಚೀಟಿ ಹಿಂದ ತಲಿ ಚಿತ್ರ ತಗದು ತಿಳಿಸಿದಳು. ಕೈಗೆ ಹುಕುಂ ಕೊಡೂ ಜಾಗಾ ಮಿದುಳಿನ್ಯಾಗ ಒಂದೈತಂತ. ಎಡಗಡಿದು ಬಲಗೈಗೆ, ಬಲಗಡಿದು ಎಡಗೈಗೆ. ರಕ್ತ ಹೋಗದ ಆ ಜಾಗಾದಾಗ ಒಂದಿಷ್ಟು ಸತ್ತೈತಿ, ಅದು ತಿರುಗಿ ಹುಟ್ಟಂಗಿಲ್ಲ. ಆದ್ರ ಸುತ್ತಲಿಂದು ಜೀವಂತ ಐತಿ, ಆ ಕೆಲಸ ಅದು ಕಲೀಬಹುದು. ಕಲೀಬೇಕಂದ್ರ ಕೆಲಸ ಬೀಳಬೇಕು, ದಿನಾ ನೂರಾರು ಸಲ ಬೀಳಬೇಕು. ಬೀಳಲೇ ಇಲ್ಲಂದ್ರ ಮಿದುಳು ಆ ಕೈ ಇದ್ದದ್ದನ್ನ ಮರತು ಬಿಡತೈತಂತ. ನನಗ ಆಗ ನಿಮ್ಮ ನೆನಪಾತು ನೋಡ್ರಿ. ಮಾವಾರು ತೀರಿಕೊಂಡ ಮ್ಯಾಲ ಸಂತಿಗೆ ಕುರಿ ಹೊಡಕೊಂಡು ಹೋಗೂದು ಯಾರು ಕಲತ್ರು? ಅದಕ್ಕಿಂತ ಮೊದಲ ನೀವು ಸಂತಿ ಮಾರಿ ನೋಡಿದ್ದಿಲ್ಲ. ಮೊದಲನೇ ವರ್ಷ ದಲಾಲರು ನಿಮ್ಮನ್ನ ಕುಣಿಸಿದ್ರಂತ, ಮೂರನೇ ವರ್ಷಕ್ಕ ನೀವು ಅವರನ್ನ ಕುಣಿಸಿದ್ರಂತ. ಮಿದುಳಿನ್ಯಾಗೂ ಹಂಗ ಏನರ ಇರಬೇಕು ಅಂದ್ನಿ. ಚೈತಾಲಿ ನಕ್ಕಳು, ಹೌದು ಅಂದಳು.

ದಿನಾ ನಾಲ್ಕು ತಾಸು ಛಲೋ ಕೈ ಅರಿವಿಯಿಂದ ಕಟ್ಟಬೇಕು, ಅದರಾಗ ಒಂದು ಹೊತ್ತಿನ ಊಟ ಬರಬೇಕು ಅಂತ ಹೇಳಿ ಕಳಿಸಿದ್ದು ಆಕಿನ. ನಾ ನಿಮಗ ಮೊದಲ ಹೇಳಬೇಕಾಗಿತ್ತು. ಹೇಳಿದ್ರ ನೀವು ಒಪ್ಪಂಗಿಲ್ಲ ಅಂತ ಅಂಜಿ, ನೀವು ಹೊಲಕ್ಕ ಹೋದ ವ್ಯಾಳೇದಾಗ ಶುರು ಮಾಡಿದ್ನಿ. ಅದು ನನ್ನ ತಪ್ಪು, ಅತ್ತೀ. ಕಟ್ಟಿದ್ದು ತಪ್ಪಲ್ಲ, ಕದ್ದು ಕಟ್ಟಿದ್ದು ತಪ್ಪು.

ನೀವು ತಿರುಗಿ ಬಂದಾಗ ಕಂಡದ್ದು ನನಗೂ ಕಣ್ಣಿಗೆ ಕಟ್ಟೇತಿ. ಎಡಗೈ ನಡಕ್ಕ ಕಟ್ಟೇತಿ, ಬಲಗೈ ಮುಷ್ಟಿಯೊಳಗ ಚಮಚಾ, ನುಚ್ಚು ಗದ್ದಕ್ಕ, ಎದಿಗೆ, ತೊಡಿ ಮ್ಯಾಲ. ನಾ ಎರಡೂ ಕೈ ಉಡಿಯೊಳಗ ಇಟ್ಟುಕೊಂಡು ನೋಡಕೋತ ಕುಂತೇನಿ. "ಗೂಟಕ್ಕ ಕಟ್ಟಿದ ಎಮ್ಮಿಗೆ ಸುದ್ದಾ ಮೇವು ಬಾಯಿ ಹತ್ರ ಒಯ್ದು ಹಾಕ್ತಾರ. ನನ್ನ ವಿಠ್ಠಲ ಅದಕ್ಕಿಂತ ಕಡೀಮಿ ಆದನೇನ?" ಅಂದ್ರಿ. ಮರುದಿನ, ದೀಪಾವಳಿ ಇನ್ನ ಎರಡು ದಿನ ಇರೂಹೊತ್ತಿಗೆ, ಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋದ್ರಿ. ಹಬ್ಬಕ್ಕ ಕರ್ಚಿಕಾಯಿ ಮಾಡಿದ್ದಿಲ್ರಿ. ಮಾಡಾಕ ಮನಸ ಆಗಲಿಲ್ಲ.

ಆಮ್ಯಾಲಿಂದ ಏಳು ವಾರ ಆತು. ಮೊದಲನೇ ವಾರ ಏನೂ ಆಗಲಿಲ್ಲ, ಸಿಟ್ಟು ಒಂದು ಬಿಟ್ರ. ಒಂದು ದಿನ ಚಮಚಾ ನನ್ನ ಕಡೆ ಒಗದ್ರು, ಅದು ಅರ್ಧ ಮೊಳ ದೂರದಾಗ ಬಿತ್ತು. ಬೈಯಾಕ ಬಾಯಿ ತಗದವರು ತಮ್ಮ ಕೈ ನೋಡಕೋತ ಕುಂತ್ರು. ಒಗದದ್ದು ಬಲಗೈ! ಬೆರಳು ಬಿಚ್ಚದ ಚಮಚಾ ಹೋಗಂಗಿಲ್ಲ. ಚೈತಾಲಿಗೆ ಫೋನ ಮಾಡಿದ್ನಿ. ಆಕಿ ಹೇಳಿದ್ಲು, ಹಿಡಿಯೂದು ಮೊದಲ ಬರ್ತೈತಿ, ಬಿಡೂದು ಭಾಳ ತಡಾ, ಒಂದು ಸಲ ಬಿಟ್ಟಾರಂದ್ರ ಇನ್ನೊಂದು ಸಲ ಬಿಡ್ತಾರ ಅಂತ. ಹಿಡಿಯೂದು ಮೊದಲ, ಬಿಡೂದು ತಡಾ ಅಂದದ್ದು ಖರೇನ ಆತು. ಮುಂದಿನ ವಾರ ನನ್ನ ಸೆರಗು ಹಿಡದ್ರು, ಬಿಡಾಕ ಬರವಲ್ದು. ಒಲಿ ಮ್ಯಾಲ ಹಾಲು ಉಕ್ಕಾಕತ್ತೇತಿ, ನಾ ಹೋಗಂಗಿಲ್ಲ. "ಬಿಡ್ರೀ" ಅಂದ್ರ, "ನಾ ಎಲ್ಲಿ ಹಿಡದೇನಿ, ಕೈ ಹಿಡದೈತಿ" ಅಂದ್ರು. ಜೂನದ ಮ್ಯಾಲ ನಾವಿಬ್ಬರೂ ನಕ್ಕದ್ದು ಅವತ್ತ. ಹಾಲು ಹೋತು, ಹೋಗಲಿ.

ಈಗ ದಿನಾ ಶೇಂಗಾ ಸುಲೀತಾರ್ರಿ. ಹದಿನೈದು ಕಾಯಿ ಒಡ್ಯಾಕ ಒಂದು ತಾಸು. ಜ್ವಾಳದ ಕಾಳು ಒಂದೊಂದ ಆರಿಸಿ ವಾಟಗದಾಗ ಹಾಕ್ತಾರ, ಅರ್ಧ ಹೊರಗ ಬೀಳತಾವ, ಮತ್ತ ಆರಿಸ್ತಾರ. ರೊಟ್ಟಿ ನಾ ಮುರದು ಕೊಟ್ರ ಪಲ್ಯಾ ಹಚ್ಚಿಕೊಂಡು ಬಾಯಿಗೆ ಒಯ್ತಾರ. ಅಂಗಿ ಗುಂಡಿ ಇನ್ನೂ ಬರಂಗಿಲ್ಲ. ನಾ ನಿಮಗ ಸುಳ್ಳು ಹೇಳಂಗಿಲ್ಲ ಅತ್ತೀ, ಮೊದಲಿನ ಕೈ ಪೂರಾ ಬರ್ತೈತಂತ ಚೈತಾಲಿನೂ ಹೇಳಿಲ್ಲ. ಹೋದ ತಿಂಗಳ ಉಣ್ಣಿ ಕತ್ತರಸಾಕ ತವನಪ್ಪನ್ನ ಕರಸಿದ್ವಿ. ನಡುವ ನಿಮ್ಮ ಮಗ ಎದ್ದು ಹೋಗಿ ಕತ್ತರಿ ಇಸಗೊಂಡ್ರು. ನಾಲ್ಕು ಸಲ ಕತ್ತರಿ ಆಡಿಸಿದ್ರು, ಐದನೇದಕ್ಕ ಬೆರಳು ಬಿಗದು ಹಂಗ ನಿಂತವು. ತವನಪ್ಪ ಸಾವಕಾಶ ಒಂದೊಂದ ಬೆರಳು ಬಿಡಿಸಿದ. ಕುರಿ ಬೆನ್ನಿನ ಮ್ಯಾಲ ಅಂಗೈಯಷ್ಟು ಜಾಗಾ ವಾರಿವಾರಿ ಕತ್ತರಿಸಿದ್ದು ಇನ್ನೂ ಕಾಣತೈತಿ. ಅವರು ಮಾತ್ರ ಅವತ್ತ ಸಂಜೀತನಕ ಆ ಕುರಿ ಹಿಂದಿಂದನ ಅಡ್ಡಾಡಿದ್ರು.

ಒಂದು ಮಾತು ನಾ ತಡಾ ಮಾಡಿ ತಿಳಕೊಂಡೇನಿ. ಅವರು ಸಣ್ಣವರಿದ್ದಾಗ ನೀವು ಕುರಿ ಹಿಂದ ಕೊಂಕಣಕ್ಕ ಹೋಗತಿದ್ರಿ, ಅವರನ್ನ ನಿಮ್ಮತ್ತಿ ಉಣಿಸಿ ಬೆಳೆಸಿದ್ರು ಅಂತ ಅಲಕಾ ಅಕ್ಕಾರು ಹೇಳಿದ್ರು. ನೀವು ಮಗನಿಗೆ ಮನಸ ತುಂಬ ಉಣಿಸಿದ್ದು ಆ ಮೂರ್ನಾಲ್ಕು ತಿಂಗಳಿನ್ಯಾಗ ಅಷ್ಟ. ಅದನ್ನ ನಾ ಒಂದು ಮಾತೂ ಕೇಳದ ನಿಮ್ಮ ಕೈಯಿಂದ ಕಸಗೊಂಡ್ನಿ. ನೀವು ಬೈದದ್ದು ನನಗ ಅತಿ ಅನಸಂಗಿಲ್ಲ.

ಅಲಕಾ ಅಕ್ಕಾರಿಗೆ, ಮನ್ಯಾಗಿನ ಹಿರಿಯಾರಿಗೆ ನನ್ನ ಶರಣು ಹೇಳ್ರಿ. ಯೋಗಿತಾಗ ಮುದ್ದು. ನಿಮ್ಮ ಆಶೀರ್ವಾದ ನಮ್ಮ ಮ್ಯಾಲ ಇರಲಿ, ಸಿಟ್ಟಿನ ಜೋಡಿ ಇದ್ರೂ ಆತು.

ನಿಮ್ಮ ಸೊಸಿ,
ಛಾಯಾ

ತಾ.ಕ.: ಈ ಕಾಗದ ನಿಮಗ ಒಯ್ದು ಕೊಡಾಕ ಗುರುಸಿದ್ಧಪ್ಪ ಕಾಕಾ ಗಾಡಿ ಚಾಲೂ ಇಟ್ಟು ಅಂಗಳದಾಗ ನಿಂತಾರ, ಗಡಬಡಿಲೆ ಬರೀತೀನಿ. ಇದನ್ನ ಹೇಳಬ್ಯಾಡ ಅಂತ ನಿಮ್ಮ ಮಗ ಆಣಿ ಹಾಕ್ಯಾರ, ಆದ್ರೂ ಬರೀತೀನಿ. ನೀವು ಬಸ್ಸು ಹತ್ತಿದ ದಿನ ನನ್ನ ಎದಿ ಒಡೀತು. ಅರಿವಿ ಬಿಚ್ಚಿ ಒಗದು, ನಿಮ್ಮಂಗನ ರೊಟ್ಟಿ ಹಾಲಿನ್ಯಾಗ ಕಿವುಚಿ ಬಾಯಿಗೆ ಹಿಡದ್ನಿ. ಅವರು ಬಾಯಿ ತಗೀಲಿಲ್ಲ. ತಮ್ಮ ಎಡಗೈ ತಾವ ಮುಂದ ಮಾಡಿ "ಕಟ್ಟು" ಅಂದ್ರು. "ಅವ್ವ ಉಣಿಸಿದ್ರ ನನಗ ಬ್ಯಾಡ ಅನ್ನಾಕ ಆಗತಿದ್ದಿಲ್ಲ. ಆಕಿ ಇದ್ದಾಗ ನಾನ ಕಟ್ಟಿಸಿಕೊಂಡೇನಿ ಅಂತ ಹೇಳಾಕೂ ಆಗಲಿಲ್ಲ" ಅಂತ ಅತ್ರು. ಅವತ್ತಿನಿಂದ ದಿನಾ ಕೈ ಮುಂದ ಮಾಡೂದು ಅವರ, ನಾ ಬರೇ ಗಂಟು ಹಾಕ್ತೀನಿ. ಮಂಗಳವಾರ ಬರ್ರಿ, ಅತ್ತೀ. ಅವರ ಎದುರಿಗೆ ಕುಂತು ನೀವೂ ಉಣ್ಣರಿ. ಅವರ ತಾಟಿಗೆ ಮಾತ್ರ ಕೈ ಹಾಕಬ್ಯಾಡ್ರಿ.