ಆಚೆ ದಡದ ತಂಗಿ

ಬುಧವಾರ, ಮಧ್ಯಾಹ್ನ

ನನ್ನ ಕರುಳಿನ ಕುಡಿಯಾದ ಮಗಳಿಗೆ, ನಿನ್ನ ಮೇಲೆ ಭಗವಂತನ ಕಣ್ಣಿರಲಿ ಎಂದು ಬೇಡಿಕೊಂಡು ತಾಯಿ ಬರೆಯುವುದು.

ದೂರವಾಣಿಯಲ್ಲಿ ಹೇಳಬಹುದಾದುದನ್ನು ಅಮ್ಮ ಕಾಗದದಲ್ಲೇಕೆ ಬರೆದಳೆಂದು ಹುಬ್ಬೇರಿಸಬೇಡ. ನಿನ್ನ ಅಣ್ಣನ ಮಾತೆತ್ತಿದೊಡನೆ ನೀನು, “ಅಮ್ಮ, ಒಲೆ ಮೇಲೆ ಹಾಲಿದೆ, ಇಡ್ಲಾ?” ಎನ್ನುತ್ತೀ. ನಿನ್ನ ಮನೆಯ ಹಾಲು ಇಷ್ಟು ವರ್ಷಗಳಿಂದ ಉಕ್ಕುತ್ತಲೇ ಇದೆ. ಕಾಗದಕ್ಕೆ ಆ ಭಯವಿಲ್ಲ.

ಅವನ ಮಗಳು, ನಿನ್ನ ಸೋದರಸೊಸೆ, ಈಗ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಬಂತೆಂದರೆ ನಮ್ಮ ಊಟದ ಮೇಜಿನ ಸುತ್ತ, ಪಾತ್ರ ಧರಿಸಿ ಮಾತಿನಲ್ಲೇ ಆಡುವ ಆಟಗಳನ್ನು ನಡೆಸುತ್ತಾಳೆ. ಕತ್ತಿ, ಮಾಟ, ಬೆಂಕಿಯುಗುಳುವ ಮಹಾಸರ್ಪಗಳ ಆಟವನ್ನು ಜಗತ್ತೆಲ್ಲ ಬಲ್ಲುದಂತೆ. ಇವಳ ಒಲವು ಬೇರೆ. ಒಂದರಲ್ಲಿ ನಾವೆಲ್ಲ ಸೇರಿ ಹಳ್ಳಿಯೊಂದರ ನಕ್ಷೆ ಬರೆದು, ಅದರ ಒಂದು ವರ್ಷದ ಕಷ್ಟಸುಖಗಳನ್ನು ಬಾಳುತ್ತೇವೆ. ಅಲ್ಲಿ ನಾಯಕನೂ ಇಲ್ಲ, ಗೆಲುವೂ ಇಲ್ಲ. ಇನ್ನೊಂದರಲ್ಲಿ ನಾವು ಹಳೆಯ ಮನೆಯನ್ನು ತೊರೆಯಲಾರದ ಪ್ರೇತಗಳು. ಪಕ್ಕದ ಮನೆಯ ದರ್ಜಿ, “ಅಮ್ಮಾವ್ರೇ, ಉಸಿರಿರೋವಾಗ್ಲೇ ನನ್ನ ದೆವ್ವ ಮಾಡ್ಬಿಟ್ರಲ್ಲ! ಸರಿ, ದೆವ್ವದ ಅಂಗಿಗೆ ಅಳತೆ ಎಲ್ಲಿಂದ ಹಿಡೀಲಿ?” ಎಂದು ನಮ್ಮನ್ನೆಲ್ಲ ನಗಿಸಿದ. ಜಪದ ನಡುವೆಯೂ ಅದು ನೆನಪಾಗಿ ನಕ್ಕೆನೆಂದರೆ ನೀನು ನಂಬಲಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗೋಪುರದ ಆಟ. ಬೆರಳುದ್ದದ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ನಿಲ್ಲಿಸುತ್ತಾರೆ. ದಾಳಗಳಿಲ್ಲ. ಕಷ್ಟದ ಮಾತನ್ನು ಆಡಬೇಕಾದವರು ಮೊದಲು ಗೋಪುರದಿಂದ ಒಂದು ತುಂಡನ್ನು ಎಳೆಯಬೇಕು. ಗೋಪುರ ಉರುಳಿದರೆ ಆ ಪಾತ್ರ ಮಾತನಾಡದೆಯೇ ಕಥೆಯಿಂದ ಹೊರಟಂತೆ. ನುಡಿಯುವ ಮುನ್ನ ಹೀಗೆ ಕೈ ನಡುಗುವಂತಿದ್ದರೆ ಲೋಕದ ಎಷ್ಟೋ ಮಾತುಗಳು ಹುಟ್ಟುತ್ತಲೇ ಇರಲಿಲ್ಲವೆಂದು ನನಗೆ ತೋರುತ್ತದೆ. ಇನ್ನೊಂದು ನಿಯಮವಿದೆ: ಮೇಜಿನ ಬಳಿ ಒಬ್ಬರು ಪಾತ್ರವಾಗಿ ಆಡಿದುದನ್ನು ಮತ್ತೊಬ್ಬರು ಹೊರಗೆ ಒಯ್ಯಬಾರದು. ಅದನ್ನು ನಾನು ವ್ರತದಂತೆ ಪಾಲಿಸುತ್ತೇನೆ.

ಹೋದ ಭಾನುವಾರ, ನಮ್ಮೊಡನೆ ಆಡುವ ಉಪಾಧ್ಯಾಯಿನಿಗೆ ಜ್ವರವೆಂದು ಮೊಮ್ಮಗಳು ತನ್ನಪ್ಪನನ್ನೇ ಎಳೆದು ತಂದು ಕೂರಿಸಿದಳು. ಆ ತುಂಡುಗಳನ್ನು ಕೊಯ್ದು ಕೀಸಿಕೊಟ್ಟವನು ಅವನೇ ತಾನೆ! “ಇವನು ಬೇಡಮ್ಮ, ಯಾವುದು ಸಡಿಲ, ಯಾವುದು ಬಿಗಿ ಅಂತ ಕಣ್ಮುಚ್ಚಿ ಹೇಳ್ತಾನೆ” ಎಂದು ದರ್ಜಿ ಗೊಣಗಿದ. “ನಿನ್ನ ಬಾಯಿಗೆ ಎರಡು ಹೊಲಿಗೆ ಹಾಕ್ಕೊ” ಎನ್ನುತ್ತ ನಿನ್ನ ಅಣ್ಣ ಕುಳಿತ.

ಹೊಳೆಯಲ್ಲಿ ದೋಣಿ ನಡೆಸುವ ಮನೆತನವೊಂದರ ಕಥೆ. ಚೀಟಿ ಎತ್ತಿದೆವು. ಅವನಿಗೆ ಹುಟ್ಟು ಹಾಕುವ ಅಣ್ಣನ ಪಾತ್ರ ಬಂತು. ನನಗೆ, ಮುನಿದು ಆಚೆ ದಡ ಸೇರಿದ ತಂಗಿಯದು. ಮೊಮ್ಮಗಳು ಮುಖ ಬಿಳಿಚಿ, ಚೀಟಿಗಳನ್ನು ಮತ್ತೆ ಕಲೆಸಲು ಕೈಚಾಚಿದಳು. “ಇರ್ಲಿ ಬಿಡು” ಎಂದ ಅವನು.

ಅಪ್ಪನ ಮರಗೆಲಸದಲ್ಲಿ ಪಾಲಿಶ್ ಕೆಲಸ ಕಲಿತು, ಅವರ ದೃಷ್ಟಿ ಮಂಜಾದ ಮೇಲೆ ಅವರ ಕಣ್ಣಾಗಿ ದುಡಿದವಳು ನೀನು. ಅವರು ಕಾಲವಾದ ಬಳಿಕ ನಿನ್ನ ಅಣ್ಣ ಕಾರ್ಯಾಗಾರಕ್ಕೆ ‘ತಂದೆ ಮತ್ತು ಮಗ’ ಎಂದು ಹೊಸ ಫಲಕ ಬರೆಸಿದ. ಬೆಳಿಗ್ಗೆ ಕೆಲಸಕ್ಕೆಂದು ಬಂದ ನೀನು ಅದನ್ನು ಓದಿದೆ, ಒಂದಕ್ಷರವನ್ನೂ ಆಡದೆ ಹಿಂದಿರುಗಿದೆ. ಅಂದಿನಿಂದ ನಿಮ್ಮಿಬ್ಬರ ನಡುವೆ ಹೊಳೆಯೇ ಹರಿಯುತ್ತಿದೆ.

ಅವನ ಸರದಿ ಬಂತು. ಮರವನ್ನು ಮುಟ್ಟಿ ಎಂದೂ ಅಳುಕದವನು ಸಡಿಲವಾದ ತುಂಡುಗಳನ್ನೆಲ್ಲ ಬಿಟ್ಟು, ಬೇಕೆಂದೇ ಬಿಗಿಯಾದುದನ್ನು ಹಿಡಿದ. ಗೋಪುರ ತೂಗಿತು, ಬೀಳಲಿಲ್ಲ. ಆಗ ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ. ಅದೇನೆಂದು ಬರೆಯಲಾರೆ, ಅದು ಅವನ ಮಾತು. ನನ್ನ ಉತ್ತರ ಮಾತ್ರ ನನ್ನದು: “ಅಣ್ಣಾ, ನನ್ನ ಕೋಪವು ಈ ಹೊಳೆಯ ನೀರಿನೊಡನೆ ಎಂದೋ ಹರಿದುಹೋಯಿತು. ನಿನ್ನ ದೋಣಿಗಾಗಿ ಈ ದಡವು ಕಾದಿದೆ.”

ಪರಕಾಯ ಪ್ರವೇಶ ಮಾಡಿದವರು ಆ ಕಾಯದ ಗಾಯವನ್ನೂ ಹೊರಬೇಕು. ನಾನಾದರೋ ನಿನ್ನ ವೇಷವನ್ನು ಹೊಕ್ಕು, ತಾಯಿಯ ಆಸೆಯನ್ನು ನುಡಿದುಬಿಟ್ಟೆ.

ಮರುದಿನ ಮೆಟ್ಟಿಲ ಬಳಿ ಅವನು ತಡೆದು, “ಅಮ್ಮ, ಅವಳು ನಿನ್ನ ಹತ್ರ ಹಾಗಂದಿದ್ಳಾ?” ಎಂದ. ಮೇಜಿನ ಮಾತು ಮೇಜಿನಲ್ಲೇ ಇರಲೆಂದು ಹೇಳಿ, ನಾನು ನಿಯಮದ ಮರೆಯಲ್ಲಿ ಅಡಗಿಕೊಂಡೆ. ಆ ಉತ್ತರವನ್ನು ಅವನು ಹೌದೆಂದೇ ಎಣಿಸಿರಬೇಕು. ಬರುವ ಭಾನುವಾರಕ್ಕೆ ನಿನ್ನ ಊರಿನ ಬಸ್ಸಿಗೆ ಟಿಕೆಟ್ ತಂದಿಟ್ಟಿದ್ದಾನೆ. ಕೆಲಸ ಮಾಡುತ್ತ ಗುನುಗುತ್ತಾನೆ. ನಾನು ಅದನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತೇನೆ.

ಮಗಳೇ, ಕ್ಷಮೆ ನಿನ್ನ ಸೊತ್ತು; ನಿನ್ನನ್ನು ಕೇಳದೆ ಅದನ್ನು ದಾನ ಮಾಡುವ ಅಧಿಕಾರ ಹೆತ್ತವಳಿಗೂ ಇಲ್ಲ. ನೀನು ಬಾಗಿಲು ತೆರೆಯಲೇಬೇಕೆಂದು ನಾನು ಹೇಳಲಾರೆ. ತೆರೆಯದಿದ್ದರೆ ತಪ್ಪು ನಿನ್ನದಲ್ಲ, ನನ್ನದು. ನಾಳೆ ಬೆಳಿಗ್ಗೆ ಅವನಿಗೆ ನಿಜವನ್ನು ಹೇಳುವೆನು. ಹೇಳಿದರೆ ಅವನು ಟಿಕೆಟನ್ನು ಹರಿದೆಸೆಯುವನೆಂಬ ಅಳುಕು ನನ್ನದು.

ನಿನ್ನ ಒಳಿತನ್ನು ಬೇಡುವುದಲ್ಲದೆ ಬೇರೇನೂ ಅರಿಯದ
ಅಮ್ಮ

ಮರೆತ ಮಾತಲ್ಲ, ಗುರುವಾರ ಸೇರಿಸಿದ್ದು: ಹೇಳಿದೆ. ಅವನು ಕೀಸುವುದನ್ನು ನಿಲ್ಲಿಸಲಿಲ್ಲ. “ಅದು ಅವತ್ತೇ ಗೊತ್ತಾಯ್ತಮ್ಮ. ‘ದಡವು ಕಾದಿದೆ’ ಅಂತೆ! ಅವಳು ಯಾವತ್ತು ಹಾಗೆ ಪುರಾಣದ ಥರ ಮಾತಾಡಿದ್ಳು? ನೀನೇ ನಿಜ ಹೇಳ್ತೀಯೇನೋ ಅಂತ ಮೆಟ್ಟಿಲ ಹತ್ರ ಇನ್ನೊಂದ್ಸಲ ಕೇಳ್ದೆ, ಅಷ್ಟೆ” ಎಂದ. ಹಾಗಾದರೆ ಟಿಕೆಟ್ ಏಕೆ ತಂದೆ ಎಂದೆ. “ಆ ಬೋರ್ಡು ಓದಿದ ದಿನ ಅವಳು ನನ್ನ ಬೈಯದೇ ಹೋದ್ಳು. ಆ ಬೈಗುಳ ಇಷ್ಟು ವರ್ಷ ಅವಳೊಬ್ಬಳೇ ಹೊತ್ಕೊಂಡಿದ್ದಾಳೆ. ಹೋಗಿ ಇಸ್ಕೊಂಡು ಬರ್ತೀನಿ.”