ಕೈಗವಸಿಗೆ ತಿಳಿಯದ ಬೆನ್ನು

ಗದಗ,
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಅರವತ್ತೊಂದನೆಯ ಇಸವಿ

ಹಸ್ತಚಿಕಿತ್ಸೆಯನ್ನು ಕಲಿಯುತ್ತಿರುವ ಮತ್ತು ಕಲಿಸುತ್ತಿರುವ ಪೂಜ್ಯ ಹಿರಿಯರಿಗೆ,

ಮೇಲಿನ ದಿನಾಂಕ ಬರವಣಿಗೆಯ ತಪ್ಪಲ್ಲ. ಪಂಚಾಂಗವನ್ನು ತಿದ್ದಿದವರು ಫೆಬ್ರವರಿಗೆ ಮೂವತ್ತು ದಿನಗಳನ್ನು ಕೊಟ್ಟು ಎರಡು ತಲೆಮಾರು ಕಳೆದಿವೆ. ನಿಮ್ಮಲ್ಲಿ ಅನೇಕರು ಇಪ್ಪತ್ತರ ಹರೆಯದವರೆಂದು ಬಲ್ಲೆ. ಆದರೂ ಕಾಲದ ಲೆಕ್ಕದಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿಯರಾದವರನ್ನು ಬೇರೆ ರೀತಿಯಲ್ಲಿ ಸಂಬೋಧಿಸುವುದು ಸರಿಯಾಗದು. ಬಹುಕಾಲ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಹಾಗಿದ್ದರೂ ಈ ಪತ್ರದಲ್ಲಿ ನಿಮಗೆ ಅಪರಿಚಿತವಾದ ಪದಗಳು ಬರುತ್ತವೆ. ಕ್ಷಮಿಸಿ, ಬಂದಲ್ಲಿಯೇ ವಿವರಿಸುತ್ತೇನೆ. ಪತ್ರ ನಿಮ್ಮನ್ನು ಹೇಗೆ ತಲುಪುವುದೋ ನಾನರಿಯೆ. ತಲುಪಿಸುತ್ತೇವೆಂದು ಅಂಚೆಯವರು ಹೇಳಿದ್ದಾರೆ, ನಂಬಿದ್ದೇನೆ.

ನಮ್ಮ ಓಣಿಯ ಮೂಲೆಯಲ್ಲಿ ಒಂದು ನೆರಳುಮೇಜು ಇದೆ. ಅದರ ಮೇಲೆ ಮಲಗಿದವರ ಒಳಗೆಲ್ಲ ಏನಿದೆಯೆಂಬುದನ್ನು ಅದು ಪಕ್ಕದ ಗೋಡೆಯ ಮೇಲೆ ಬಿಡಿಸಿ ತೋರಿಸುತ್ತದೆ. ಸಂತೆಗೆ ಹೊರಟವರು ದಾರಿಯಲ್ಲಿ ಮಲಗಿ ಎದ್ದು, ಫಲಿತಾಂಶ ಸಿದ್ಧವಾಗುವಷ್ಟರಲ್ಲಿ ಬದನೆಕಾಯಿ ಆರಿಸಿ ಬರುತ್ತಾರೆ. ನೋವಿದ್ದರೆ ಮೌನಮದ್ದು ಸಿಗುತ್ತದೆ. ಅದು ನೋವನ್ನು ಗುಣಪಡಿಸುವುದಿಲ್ಲ, ಸುಮ್ಮನಿರಿಸುತ್ತದೆ. ಹಿಂದೊಮ್ಮೆ ಬಂದ ಸಾಂಕ್ರಾಮಿಕಗಳ ತರುವಾಯ, ಇನ್ನೊಬ್ಬರನ್ನು ಮುಟ್ಟುವ ಮೊದಲು ಅಂಗೈ ತೆರೆದು ತೋರಿಸಿ, ಅವರು ತಲೆಯಾಡಿಸುವವರೆಗೆ ಕಾಯುವ ರೂಢಿ ಬಂದಿತು. ಇದನ್ನು ಕೈಬೇಡಿಕೆ ಎನ್ನುತ್ತೇವೆ. ರೂಢಿಯೇನೋ ಸಭ್ಯವಾದದ್ದೇ. ಆದರೆ ಬೇಡುವ ಸಂಕೋಚಕ್ಕೆ ಜನರು ಮುಟ್ಟುವುದನ್ನೇ ಕಡಿಮೆ ಮಾಡಿದರು. ಅದುಮುವುದು, ನೀವುವುದು, ಸವರುವುದು, ತಡವುವುದು ಎಂಬ ಭೇದಗಳನ್ನು ನನ್ನ ವಿದ್ಯಾರ್ಥಿಗಳಿಗೆ ಉದಾಹರಣೆ ಕೊಟ್ಟು ಕಲಿಸುವುದೇ ಕಷ್ಟವಾಗಿತ್ತು. ಎಲ್ಲದಕ್ಕೂ ಅವರು ‘ಟಚ್’ ಎಂದೇ ಬರೆಯುತ್ತಿದ್ದರು. ನಾನು ಅಂಕ ಕಳೆಯುತ್ತಿದ್ದೆ.

ನನ್ನ ಅಕ್ಕ ನೀಲಗಂಗಾ ಹೊಂಬಳ ಹಸ್ತವೈದ್ಯೆಯಾಗಿದ್ದಳು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದಲೇ ಅರಿತು ಸರಿಪಡಿಸುವ, ನಿಮ್ಮ ಕಾಲದವರು ಆಸ್ಟಿಯೋಪಥಿ ಎನ್ನುತ್ತಿದ್ದ ವಿದ್ಯೆಗೆ ನಮ್ಮಲ್ಲಿ ಹಸ್ತವೈದ್ಯವೆಂದು ಹೆಸರು. ದೇಹವು ಬಿಡಿಭಾಗಗಳ ಗಂಟಲ್ಲ, ಒಂದೇ. ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿದೆ. ರಚನೆ ಕೆಟ್ಟರೆ ಕೆಲಸ ಕೆಡುತ್ತದೆ, ಕೆಲಸ ಕೆಟ್ಟರೆ ರಚನೆಯೂ ಕೆಡುತ್ತದೆ. ಅಕ್ಕ ಇದನ್ನು ಅಡುಗೆಮನೆಯಲ್ಲಿಯೂ ಹೇಳುತ್ತಿದ್ದಳು. ಅವಳು ಓದಿದ ಊರಿನ ಹಸ್ತವೈದ್ಯ ಶಾಲೆಯಲ್ಲಿ ಹೊಸಬರಿಗೆ ಮೊದಲು ಒಂದು ತಲೆಗೂದಲನ್ನು ಕಾಗದದ ಕೆಳಗಿಟ್ಟು, ಅದು ಎಲ್ಲಿದೆಯೆಂದು ಬೆರಳಿನಿಂದಲೇ ಹುಡುಕಿಸುತ್ತಿದ್ದರು. ಒಂದು ಕಾಗದ ಸಾಧಿಸಿದರೆ ಎರಡು, ಆಮೇಲೆ ಮೂರು. ಅನಂತರ ಜೋಡಿ ಅಭ್ಯಾಸ. ಬೆಳಿಗ್ಗೆ ಕೈಯಾದವರು ಮಧ್ಯಾಹ್ನ ಮೈಯಾಗಬೇಕು. ಮಲಗಿ, ಸಹಪಾಠಿಯ ಕೈ ಎಲ್ಲಿ ಅವಸರಪಟ್ಟಿತು, ಎಲ್ಲಿ ಅಂಜಿತು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಮೈಯಾಗಿ ಪಾಸಾಗದವರಿಗೆ ಕೈಯ ಪರೀಕ್ಷೆಗೆ ಪ್ರವೇಶವಿರಲಿಲ್ಲ.

ಆಮೇಲೆ ನೆನಪುಗವಸು ಬಂದಿತು. ನುರಿತ ವೈದ್ಯರು ಅದನ್ನು ತೊಟ್ಟು ಒಂದು ವರ್ಷ ಚಿಕಿತ್ಸೆ ಮಾಡಿದರೆ, ಅವರ ಬೆರಳುಗಳ ಪ್ರತಿಯೊಂದು ಚಲನೆಯೂ ಗವಸಿನಲ್ಲಿ ಉಳಿಯುತ್ತದೆ. ಮುಂದೆ ವಿದ್ಯಾರ್ಥಿ ಅದನ್ನೇ ತೊಟ್ಟರೆ ಗವಸು ಅವನ ಕೈಯನ್ನು ನಡೆಸುತ್ತದೆ. ವಿದ್ಯೆ ಇನ್ನು ಅಳಿಯದೆಂದು ಶಾಲೆಯವರು ಸಮಾರಂಭ ಮಾಡಿ, ಪೇಢೆ ಹಂಚಿ, ಜೋಡಿ ಅಭ್ಯಾಸದ ಕೊಠಡಿಗೆ ಬೀಗ ಹಾಕಿದರು. ಅವರು ಕೆಟ್ಟವರಲ್ಲ. ಕೈಯನ್ನು ಉಳಿಸಿದರು, ಆ ಕೈಗೆ ಉತ್ತರ ಕೊಟ್ಟ ಮೈಯನ್ನು ಉಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೆರಳು ಎಲ್ಲಿ ನಿಂತಿತೆಂಬುದು ಗವಸಿಗೆ ಗೊತ್ತು, ಏಕೆ ನಿಂತಿತೆಂಬುದು ಗೊತ್ತಿಲ್ಲ. ಕುತ್ತಿಗೆ ಹಿಡಿದುಕೊಂಡ ಬೆಟಗೇರಿಯ ನೇಕಾರ್ತಿಯೊಬ್ಬಳಿಗೆ ಅದು ಎಂದೋ ತೀರಿಹೋದ ಯಾರದೋ ಕುತ್ತಿಗೆಯ ಚಿಕಿತ್ಸೆಯನ್ನು ಮಾಡಿ ಮುಗಿಸಿತು. ಅವಳು ನೋವಿನೊಂದಿಗೇ ಮನೆಗೆ ಹೋದಳು. ಗವಸು ತೊಟ್ಟಿದ್ದ ವಿದ್ಯಾರ್ಥಿನಿ ಮೆಹಜಬೀನ್ ನದಾಫ್ ಮಾತ್ರ ಅದನ್ನು ಕಳಚಿಟ್ಟು ನೇರವಾಗಿ ನಮ್ಮ ಮನೆಗೆ ಬಂದಳು.

ಜೋಡಿಯಾಗಿ ಕಲಿತವರಲ್ಲಿ ಆಗ ಉಳಿದಿದ್ದವಳು ಅಕ್ಕ ಒಬ್ಬಳೇ. ಮೆಹಜಬೀನ್ ತಡವಾಗಿ ಬಂದಿದ್ದಳು. ನಿಮಗೆ ನಿರಾಸೆಯಾಗಬಹುದು, ಸಕ್ಕರೆ ಕಾಯಿಲೆ ನಮ್ಮ ಕಾಲದಲ್ಲಿಯೂ ಇದೆ. ಅಕ್ಕನ ಬೆರಳ ತುದಿಗಳು ಜೋಮು ಹಿಡಿದು, ಬಿಸಿ ಲೋಟ ಯಾವುದು, ತಣ್ಣನೆಯದು ಯಾವುದು ಎಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಹುಡುಗಿಯನ್ನು ಹಿಂದಕ್ಕೆ ಕಳುಹಿಸುವಳೆಂದುಕೊಂಡೆ. ಅಕ್ಕ ಸೆರಗು ಸರಿಪಡಿಸಿಕೊಂಡು ಮಂಚದ ಮೇಲೆ ಬೋರಲಾಗಿ ಮಲಗಿದಳು.

ಹುಡುಗಿ ಗವಸಿನ ಅಭ್ಯಾಸದಂತೆ ಕೂಡಲೇ ಅದುಮಲು ಹೋದಳು.

“ಒತ್ತಬ್ಯಾಡವಾ. ಮೊದ್ಲ ಕೇಳು,” ಎಂದಳು ಅಕ್ಕ.

“ಏನ್ ಕೇಳ್ಲಿರಿ ಅಕ್ಕಾರ? ನೀವು ಸುಮ್ನ ಮಲಗೀರಿ.”

“ನಾ ಸುಮ್ನ ಅದೀನಿ. ನನ್ನ ಬೆನ್ನ ಎಲ್ಲಿ ಸುಮ್ನ ಐತಿ?”

ಆ ಮಳೆಗಾಲವೆಲ್ಲ ಹಾಗೆಯೇ ನಡೆಯಿತು. ಅಕ್ಕ ದಿಂಬಿನಲ್ಲಿ ಮುಖವಿಟ್ಟುಕೊಂಡೇ ಗದರುವಳು, ಹೊಗಳುವಳು, ನಡುವೆ ಒಮ್ಮೊಮ್ಮೆ ನಿದ್ದೆ ಹೋಗುವಳು. ಉಸಿರಿನೊಂದಿಗೆ ಏಳದೆ ಹಿಂದೆ ಉಳಿಯುತ್ತಿದ್ದ ಪಕ್ಕೆಲುಬೊಂದನ್ನು ಹುಡುಗಿ ತಾನಾಗಿಯೇ ಗುರುತಿಸಿ ಸಡಿಲಿಸಿದ ದಿನ, ಅಕ್ಕ ದೀರ್ಘವಾಗಿ ಉಸಿರೆಳೆದು, ಏಳದೆ ಬಹಳ ಹೊತ್ತು ಮಲಗಿದ್ದಳು. ಅವಳಿಗೆ ಇನ್ನೊಂದು ವರ್ಷ ಸಿಕ್ಕಿದ್ದರೆ ಸಾಕಾಗಿತ್ತು. ಚಳಿಗಾಲದಲ್ಲಿ ತೀರಿಕೊಂಡಳು.

ಮೆಹಜಬೀನ್ ಊರವರಿಗೆ ಚಿಕಿತ್ಸೆ ಮಾಡಲಾರಂಭಿಸಿದಳು. ಕಳೆದ ವಾರ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು, ಚಹಾ ಆರಲು ಬಿಟ್ಟು, ಕೊನೆಗೆ ಹೇಳಿದಳು: “ಯಾರ ಬೆನ್ನ ಮ್ಯಾಲ ಕೈ ಇಟ್ರೂ ಅಕ್ಕಾರ ಬೆನ್ನ ಹುಡುಕತೈತ್ರಿ ನನ್ನ ಕೈ. ಗವಸಿಗೂ ನನಗೂ ಏನ್ ಫರಕ ಆತ್ರಿ?”

ಅವಳು ಕಲಿತದ್ದು ಒಂದೇ ದೇಹವನ್ನು. ಅವಳಿಗೆ ಬೇಕಾದುದು ಎಳೆಯ ಬೆನ್ನು, ಬಸುರಿಯ ಬೆನ್ನು, ಹೊರೆ ಹೊತ್ತವರ ಬೆನ್ನು. ಜೊತೆಗೆ, ತಮ್ಮ ಮೈಗೇನು ತಿಳಿಯಿತೆಂದು ನಿರ್ದಾಕ್ಷಿಣ್ಯವಾಗಿ ಹೇಳುವ ಬಾಯಿಗಳು. ಅಂಥವರು ಈಗ ಇಲ್ಲಿಲ್ಲ. ಯಾರ ಕೈಗೂ ಮೈಯೊಡ್ಡದೆ ಬದುಕಿದ ನಾನು, ನಾಳೆಯಿಂದ ಅವಳ ಮುಂದೆ ಮಲಗಲು ಒಪ್ಪಿದ್ದೇನೆ. ತಪ್ಪನ್ನು ತಪ್ಪೆನ್ನಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಎರಡು ಬೆನ್ನುಗಳಿಂದ ಒಂದು ವಿದ್ಯೆ ನಿಲ್ಲುವುದೆಂಬ ಭ್ರಮೆ ನನಗಿಲ್ಲ, ಅವಳಿಗೂ ಇಲ್ಲ.

ನಿಮ್ಮ ಬಳಿ ತರಗತಿ ತುಂಬ ದೇಹಗಳಿವೆ. ಆದುದರಿಂದ ಕೇಳುತ್ತೇನೆ: ನಿಮ್ಮ ಸರದಿ ಬಂದಾಗ ಮಲಗಿರಿ. ಸಂಕೋಚಪಡುವ ಸಹಪಾಠಿಯನ್ನು ಗೇಲಿ ಮಾಡಬೇಡಿ. ಕಾಯಿರಿ, ಆದರೆ ಕೈಬಿಡಬೇಡಿ. ಕೈ ಏನು ಮಾಡಿತೆಂಬುದರಷ್ಟೇ ಶ್ರದ್ಧೆಯಿಂದ ಮೈಗೆ ಏನಾಯಿತೆಂಬುದನ್ನೂ ಹೇಳಿಕೊಳ್ಳಿರಿ. ಗವಸಿನಂಥದ್ದು ಏನಾದರೂ ಬಂದರೆ ಬರಲಿ, ಅದರಿಂದಲೂ ಉಪಯೋಗವಿದ್ದೀತು. ಆದರೆ ಅಭ್ಯಾಸದ ಕೊಠಡಿಗೆ ಬೀಗ ಹಾಕಲು ಬಂದ ದಿನ, ದಯವಿಟ್ಟು, ನಿಮ್ಮಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಲ್ಲಿರಿ. ನೀವು ನಿಂತರೆ ಈ ಪತ್ರವನ್ನು ಬರೆಯುವ ಸಂದರ್ಭವೇ ನನಗೆ ಒದಗುವುದಿಲ್ಲ. ಇಷ್ಟು ಜಾಗರೂಕತೆಯಿಂದ ಬರೆದದ್ದು ಇಲ್ಲವಾಯಿತಲ್ಲಾ ಎಂದು ನಾನು ಕೊರಗುವುದಿಲ್ಲ.

ಇತಿ ನಮಸ್ಕಾರಗಳೊಂದಿಗೆ,
ವಿಮಲಾಕ್ಷಿ ಬೆಳಧಡಿ
ನಿವೃತ್ತ ಮುಖ್ಯೋಪಾಧ್ಯಾಯಿನಿ