ಪೆನ್ಸಿಲ್‌ನಲ್ಲಿ ಬರೆದ ತಾರೀಖು

ಮಾರ್ಚ್ ೧೯, ಗುರುವಾರ

ಇವತ್ತಿನ ಪರಿಶೀಲನಾ ಸಭೆಯಲ್ಲಿ ನನ್ನ ಮೇಷ್ಟ್ರ ಮಾನ ಕಳೆದೆ. ಹಿತವೆನಿಸಿತು. ಅದನ್ನೂ ಬರೆಯದಿದ್ದರೆ ಈ ಪುಸ್ತಕ ಯಾಕೆ?

ಪ್ಲಾಸ್ಮಾ ಟಾರ್ಚಿನ ಲೆಕ್ಕ ಅವರದು, ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ. ಅದರಲ್ಲಿ ತಾಮ್ರದ ಸುರುಳಿ, ಅಂದರೆ ಕಾಯಿಲ್, ಅನಿಲವನ್ನು ಮುಟ್ಟದೆಯೇ ಕಾಯಿಸುತ್ತದೆ. ಅದರ ವಿದ್ಯುತ್ಕಾಂತೀಯ ಕ್ಷೇತ್ರ ಸುತ್ತಲೂ ದೂರದವರೆಗೆ ಹರಡಿರುತ್ತದೆ. ಲೆಕ್ಕ ಸುಲಭವಾಗಲೆಂದು ಅವರು ಅದನ್ನು ಕಾಯಿಲಿನ ಪಕ್ಕದಲ್ಲೇ ಸೊನ್ನೆ ಮಾಡಿದ್ದರು.

“ಸರ್, ಕ್ಷೇತ್ರ ಅಲ್ಲೇ ಯಾಕೆ ನಿಂತ್ಹೋಯ್ತು? ನೀವು ಹೇಳಿದ್ರಿ ಅಂತಾನಾ?” ಎಂದೆ.

ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಟಾರ್ಚಿನ ಕೆಲಸ ನನ್ನ ಪಾಲಾಗಿತ್ತು.

ಸಂಜೆ ಅವರೇ ನನ್ನ ಕೋಣೆಗೆ ಬಂದು ಪ್ರಯೋಗಶಾಲೆಯ ಕೀಲಿಯನ್ನು ಮೇಜಿನ ಮೇಲಿಟ್ಟರು.

“ತಪ್ಪು ಯಾವಾಗ ಕಣ್ಣಿಗೆ ಬಿತ್ತಮ್ಮಾ?”

“ಇವತ್ತೇ ಸರ್. ಅಲ್ಲಿ ಕೂತಿದ್ದಾಗ.”

ಮೇಜಿನ ಮೇಲೆ ಅವರ ವರದಿಯ ನನ್ನ ಪ್ರತಿ ಇತ್ತು. ಅವರು ಪುಟ ತಿರುಗಿಸಿದರು. ಆ ಸೊನ್ನೆಯ ಸುತ್ತ ನನ್ನ ಪೆನ್ಸಿಲ್ ಗುರುತು, ಪಕ್ಕದಲ್ಲಿ ಫೆಬ್ರವರಿ ೨೬. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ.

“ತಪ್ಪು ಕಂಡ ಕಡೆ ತಾರೀಖು ಹಾಕು ಅಂತ ನಾನೇ ಕಲ್ಸಿದ್ದು. ಪರವಾಗಿಲ್ಲ, ಇನ್ನೂ ಬಿಟ್ಟಿಲ್ಲ ನೀನು,” ಎಂದರು.

ಹಿಂದೆ ಅವರು ನನ್ನನ್ನು ಆಡಿಕೊಂಡು ನಕ್ಕಿದ್ದಕ್ಕೆ ಇದು ಉತ್ತರ ಎಂದುಕೊಳ್ಳಲು ನೋಡಿದೆ. ಅಂಥದ್ದೊಂದು ದಿನವೂ ನೆನಪಾಗಲಿಲ್ಲ. ನನ್ನ ಮೊದಲ ಲೆಕ್ಕದಲ್ಲೂ ಇದೇ ತಪ್ಪಿತ್ತು. ಅವರು ಬಾಗಿಲು ಹಾಕಿ, ಮೆಲ್ಲಗೆ ತಿದ್ದಿಕೊಟ್ಟಿದ್ದರು.

ಅವರು ಹೋದ ಮೇಲೆ ರಬ್ಬರ್ ತೆಗೆದುಕೊಂಡು ಆ ತಾರೀಖನ್ನು ಅಳಿಸಿದೆ. ಅದೇ ಜಾಗದಲ್ಲಿ ಇವತ್ತಿನದನ್ನು ಬರೆದೆ. ನೋಡಬೇಕಾದವರು ನೋಡಿಯಾಗಿತ್ತು, ಆದರೂ ಅಕ್ಷರ ದುಂಡಗೆ ಬರಲೆಂದು ಪೆನ್ಸಿಲನ್ನು ಚೂಪು ಮಾಡಿಕೊಂಡು ಬರೆದಿದ್ದೆ.